ಕಾರ್ನಿವಲ್ ರಾಣಿಗೆ ಮೂವತ್ತು ಯಂತ್ರ

ಮೀನಿನ ಸಾರಿಗೆ ಚಮಚ ಅದ್ದಿದವನು ಹಾಗೇ ತಡೆದ. ಫೋನಿನಲ್ಲಿ ಎದುರಾಳಿ ಹುಡುಗಿ ದಾನೆಲ್ಸಿಯ ಮತ ಮತ್ತೆ ಏರಿತ್ತು. ಹತ್ತು ನಿಮಿಷಕ್ಕೆ ನಾನೂರು. ಅದೂ ಊರಿಗೆ ಊರೇ ಉಂಡು ಜೋಲಿಯಲ್ಲಿ ಗೊರಕೆ ಹೊಡೆಯುವ ಹೊತ್ತಿನಲ್ಲಿ.

"ಕಳ್ಳರು," ಎಂದು ಗೊಣಗಿದ ಎಬೆರ್ತೊ ಕಾಂತಿಯೊ. ಅವನಿಗೆ ನಿಜಕ್ಕೂ ನೋವಾಗಿತ್ತು. ಊರಿನಲ್ಲಿ ಕಳ್ಳಮತ ಹಾಕಿಸುವ ಹಕ್ಕು ತನ್ನೊಬ್ಬನದೇ ಎಂದು ಅವನು ನಂಬಿದ್ದ.

ಮಗ್ದಲೇನಾ ನದಿಯ ದಂಡೆಯ ಸಾನ್ ಲಾಸಾರೊದಲ್ಲಿ ಜನಸಂಖ್ಯೆ ಆರು ಸಾವಿರ. ಆ ವರ್ಷ ಕಾರ್ನಿವಲ್ ಸಮಿತಿಗೆ ಹೊಸಗಾಳಿ ಬಡಿದು, ರಾಣಿಯನ್ನು ಇಂಟರ್ನೆಟ್ಟಿನಲ್ಲೇ ಆರಿಸುವುದೆಂದು ತೀರ್ಮಾನವಾಯಿತು. ಎರಡನೇ ವಾರಕ್ಕೆ ಬಿದ್ದ ಮತ ನಲವತ್ತು ಸಾವಿರ. ಜನರ ಉತ್ಸಾಹ ಕಂಡು ತಮ್ಮ ಕಣ್ಣು ತುಂಬಿ ಬಂತೆಂದು ಅಧ್ಯಕ್ಷರು ರೇಡಿಯೊದಲ್ಲಿ ಹೇಳಿದರು.

ಅದರಲ್ಲಿ ಅರ್ಧ ಉತ್ಸಾಹ ಎಬೆರ್ತೊನದು. ಊರಿನ ಏಕೈಕ ಇಂಟರ್ನೆಟ್ ಅಂಗಡಿಯವನು ಅವನು. ಯಾವುದೋ ದೇಶದ ದೊಡ್ಡ ಕಂಪ್ಯೂಟರುಗಳ ಹೊಟ್ಟೆಯಲ್ಲಿ ಮೂವತ್ತು ವರ್ಚುವಲ್ ಯಂತ್ರಗಳನ್ನು ಬಾಡಿಗೆಗೆ ಹಿಡಿದಿದ್ದ. ಹೊಸಬರಿಗೆ ಮೊದಲ ತಿಂಗಳು ಪುಕ್ಕಟೆ. ಎಬೆರ್ತೊ ಮೂವತ್ತು ಸಲ ಹೊಸಬನಾಗಿದ್ದ. ಒಂದೊಂದರಲ್ಲೂ ಅವನು ಬರೆದ ಸ್ಕ್ರಿಪ್ಟ್ ಓಡುತ್ತಿತ್ತು. ಪುಟ ತೆರೆ, ತನ್ನ ಕಡೆಯ ಸ್ಪರ್ಧಿ ಯಾರ್ಲೆದಿಸಳ ಹೆಸರು ಒತ್ತು, ವೇಷ ಬದಲಿಸು, ಮತ್ತೆ ತೆರೆ. ಕಾವಲಿಗೆ ಅವನ ಫೋನಿನಲ್ಲಿ ಮೂವತ್ತು ಹಸಿರು ಚುಕ್ಕಿ. ಯಾವುದಾದರೂ ಕೆಂಪಾದರೆ ಕೂತಲ್ಲಿಂದಲೇ ಬೆರಳಿನಿಂದ ಒಂದು ತಿವಿತ. ಸೋಮಾರಿ ಎದ್ದು ಮತ್ತೆ ಮತಗಟ್ಟೆಗೆ ಓಡುತ್ತಿತ್ತು.

ಈ ಕೆಲಸ ಹಚ್ಚಿದವರು ಯಾರ್ಲೆದಿಸಳ ತಾಯಿ ದೋನ್ಯಾ ನೂಬಿಯಾ. ತಾವು ರಾಣಿಯಾಗಿ ಮೂವತ್ತು ವರ್ಷ ಕಳೆದರೂ ಕಿರೀಟ ಇಳಿಸದವರು. ಎಬೆರ್ತೊನ ಆಂಟೆನಾ ನಿಂತಿದ್ದು ಅವರ ಮಹಡಿಯ ಮೇಲೆ. ಅದು ಇಳಿದರೆ ಅಂಗಡಿಯ ಬಾಗಿಲು ಇಳಿದಂತೆ.

"ನನ್ನ ಮಗಳು ಸೋತ್ರೆ ಆ ಕಂಬ ಕೀಳಿಸಿ ಬಟ್ಟೆ ಒಣಗ್ಹಾಕೋ ಹಗ್ಗ ಕಟ್ತೀನಿ," ಎಂದು ಅವರು ನಗುನಗುತ್ತಾ ಹೇಳಿದ್ದರು. ಅವರು ಸಿಟ್ಟಿನಲ್ಲಿ ಆಡಿದ ಮಾತಿಗಿಂತ ನಕ್ಕು ಆಡಿದ ಮಾತಿಗೆ ಊರು ಹೆಚ್ಚು ಹೆದರುತ್ತಿತ್ತು.

ತಾಯಿಗೆ ವರದಿ ಒಯ್ಯಲು ಯಾರ್ಲೆದಿಸ್ ದಿನವೂ ಅಂಗಡಿಗೆ ಬರುತ್ತಿದ್ದಳು. ಅಮ್ಮನಿಗೆ ತಿಳಿಯುವಂತೆ ಹೇಳಬೇಕಲ್ಲ ಎಂದು ಒಂದೊಂದನ್ನೂ ಬಿಡಿಸಿ ಕೇಳಿ ಬರೆದುಕೊಳ್ಳುವಳು. ಎಬೆರ್ತೊನ ಬಡಾಯಿಗೆ ಇಂಥ ಕಿವಿ ಹಿಂದೆಂದೂ ಸಿಕ್ಕಿರಲಿಲ್ಲ. ಆಮೇಲೆ ಅವಳು ಮೂಲೆಯ ಕಂಪ್ಯೂಟರಿನ ಮುಂದೆ ಕೂತು ನರ್ಸಿಂಗ್ ಕಾಲೇಜಿನ ಪರೀಕ್ಷೆಗೆ ಓದುತ್ತಿದ್ದಳು. ರಾಣಿಯಾದವಳು ಮುಂದಿನ ಕಾರ್ನಿವಲ್‌ವರೆಗೆ ಊರು ಬಿಡುವಂತಿಲ್ಲ ಎಂಬುದು ನಿಯಮ. ಪಾಪ, ಓದಿ ಏನು ಬಂತು ಎಂದು ಅವನಿಗೆ ಕನಿಕರ.

ಹುಡುಗಿಗೆ ಬುದ್ಧಿಯೂ ಇತ್ತು. "ಎಲ್ಲರೂ ಮಲಗಿರೋ ಹೊತ್ತಲ್ಲೂ ನನಗೆ ವೋಟು ಬಿದ್ರೆ ಸಮಿತಿಯೋರಿಗೆ ಅನುಮಾನ ಬರಲ್ವಾ ಮಾಮ?" ಎಂದು ಅವಳೇ ಎಚ್ಚರಿಸಿದ್ದಳು. ಅಂದಿನಿಂದ ಎಬೆರ್ತೊ ಮಧ್ಯಾಹ್ನ ಮೂರು ತಾಸು ಯಂತ್ರಗಳನ್ನೂ ಮಲಗಿಸುತ್ತಿದ್ದ. ದಾನೆಲ್ಸಿಯ ಕಡೆಯವರಿಗೆ ಮಾತ್ರ ನಾಚಿಕೆಯೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ.

ಸಾರನ್ನು ಅಷ್ಟಕ್ಕೇ ಬಿಟ್ಟು ಅವನು ಐಸ್ ಕಾರ್ಖಾನೆಗೆ ಹೋದ. ಅದರ ಯಜಮಾನ ದೋನ್ ಅಬಿಮಾಯೆಲ್, ದಾನೆಲ್ಸಿಯ ತಂದೆ. ಎಬೆರ್ತೊ ಸುತ್ತಿ ಬಳಸಿ, ನಿಮ್ಮ ಕೆಲಸಗಾರ ಬಲು ಗಟ್ಟಿಗ, ಯಾವ ಊರಿನವನು ಎಂದು ಕೇಳಿದ.

"ಯಾವ ಕೆಲಸಗಾರನೂ ಇಲ್ಲ ಕಣಪ್ಪ. ಇದು ಜನರ ಪ್ರೀತಿ," ಎಂದರು ಮುದುಕರು. "ನಲವತ್ತು ವರ್ಷ ಈ ಊರಿಗೆ ಐಸ್ ಹಂಚಿದೀನಿ. ಬಿಸಿಲಲ್ಲಿ ತಂಪು ಕೊಟ್ಟೋನನ್ನ ಯಾರು ಮರೀತಾರೆ?"

ಅವರ ಕಣ್ಣು ಒದ್ದೆಯಾಯಿತು. ಟಿವಿ ಧಾರಾವಾಹಿಯಲ್ಲಿರಬೇಕಾದ ಮನುಷ್ಯ ಇಲ್ಲಿ ನೀರು ಹೆಪ್ಪುಗಟ್ಟಿಸುತ್ತಾ ಕೂತಿದ್ದಾನಲ್ಲ ಎಂದುಕೊಂಡು ಎಬೆರ್ತೊ ಮರಳಿದ.

ಅವನು ಯಂತ್ರಗಳನ್ನು ಐವತ್ತಕ್ಕೆ ಏರಿಸಿದ. ಸಂಜೆಯೊಳಗೆ ಎದುರಾಳಿಯ ವೇಗವೂ ಏರಿತು. ನಮ್ಮೊಳಗೇ ಯಾರೋ ಬಾಯಿಬಿಡುತ್ತಿದ್ದಾರೆ ಎಂದು ಅವನು ಯಾರ್ಲೆದಿಸಳ ಮುಂದೆ ತೋಡಿಕೊಂಡ.

"ಗೊತ್ತಿರೋದು ಅಮ್ಮನಿಗೆ, ನನಗೆ. ಅಮ್ಮ ಬ್ಯೂಟಿ ಪಾರ್ಲರಿಗೆ ಹೋದ್ರೆ ಬಾಯಿಗೆ ಬೀಗ ಹಾಕೋರು ಯಾರು?" ಎಂದಳು ಅವಳು. "ಬೇಜಾರು ಮಾಡ್ಕೋಬೇಡಿ. ನಾನೂ ಕೈಲಾದಷ್ಟು ಕಷ್ಟ ಪಡ್ತಿದೀನಲ್ಲ."

ದಾನೆಲ್ಸಿ ಇನ್ನೂರ ಹನ್ನೊಂದು ಮತಗಳಿಂದ ಗೆದ್ದಳು. ವೇದಿಕೆಯಲ್ಲಿ ಯಾರ್ಲೆದಿಸ್ ಅವಳನ್ನು ತಬ್ಬಿ ಬಿಕ್ಕಿಬಿಕ್ಕಿ ಅತ್ತಳು. ಸೋತವಳ ದೊಡ್ಡತನಕ್ಕೆ ಊರು ಮೆಚ್ಚಿತು. ಐವತ್ತೆಂಟು ಸಾವಿರ ಹೃದಯಗಳಿಗೆ ದೋನ್ ಅಬಿಮಾಯೆಲ್ ವಂದನೆ ಸಲ್ಲಿಸಿದರು. ಮರುದಿನ ಬೆಳಿಗ್ಗೆ ದೋನ್ಯಾ ನೂಬಿಯಾರ ಮಹಡಿಯ ಮೇಲೆ ಹೊದಿಕೆಗಳು ಒಣಗುತ್ತಿದ್ದವು.

ಎಬೆರ್ತೊ ಮೂರು ದಿನ ಕದ ಹಾಕಿ ಕೂತ. ನಾಲ್ಕನೆಯ ದಿನ ಐಸ್ ಮುದುಕರೇ ಹುಡುಕಿಕೊಂಡು ಬಂದು, ಕಾರ್ಖಾನೆಯ ನೀರಿನ ಟ್ಯಾಂಕಿನ ಮೇಲೆ ಆಂಟೆನಾ ನಿಲ್ಲಿಸಿಕೋ ಎಂದರು. ಯಾರ್ಲೆದಿಸ್ ಬಂದು ಕೇಳಿಕೊಂಡಳಂತೆ. ಜೊತೆಗೆ ಫೋನನ್ನೂ ತೋರಿಸಿದರು. ಮತದಾನದ ಪುಟ ಮುಚ್ಚುವುದು ಹೇಗೆಂದು ಸಮಿತಿಗೆ ಗೊತ್ತಿರಲಿಲ್ಲ. ದಾನೆಲ್ಸಿಯ ಮತ ಎಂಬತ್ತು ಸಾವಿರ ದಾಟಿತ್ತು. "ಗೆದ್ದ ಮೇಲೂ ಪ್ರೀತಿ ಕಮ್ಮಿ ಆಗಿಲ್ಲ ನೋಡಪ್ಪ," ಎಂದರು.

ಕಾರ್ನಿವಲ್‌ಗೆ ತೆರೆ ಎಳೆಯುವ ಬೂದಿ ಬುಧವಾರದ ಮರುದಿನ ಎಬೆರ್ತೊ ಕೇಬಲ್ ತರಲು ದೋಣಿಕಟ್ಟೆಗೆ ಹೋದ. ಅಲ್ಲಿ ಯಾರ್ಲೆದಿಸ್ ನಿಂತಿದ್ದಳು. ಕೈಯಲ್ಲಿ ಪೆಟ್ಟಿಗೆ, ಕಾಲೇಜಿನ ಪತ್ರ. ಅವನಿಗೆ ತಲೆ ಎತ್ತಲಾಗಲಿಲ್ಲ.

"ನಿನ್ನ ಕಿರೀಟ ತಪ್ಪಿಸಿದೆ ಮಗಳೇ. ಆ ಮುದುಕ ಎಂಥ ಪಾಕಡಾನ ಹಿಡಿದಿದ್ನೋ, ಇವತ್ತಿಗೂ ನನ್ನ ಕೈಗೆ ಸಿಕ್ಕಿಲ್ಲ."

ದೋಣಿ ಬಂತು. ಅವಳು ಪೆಟ್ಟಿಗೆಯನ್ನು ಒಳಗಿಟ್ಟು, ಹತ್ತಿ ಕೂತು, ತನ್ನ ಫೋನನ್ನು ಅವನತ್ತ ಹಿಡಿದಳು. ಅದರ ತುಂಬ ಹಸಿರು ಚುಕ್ಕಿಗಳು.

"ಅರವತ್ತೂ ಇನ್ನೂ ದಾನೆಲ್ಸಿಗೆ ವೋಟು ಹಾಕ್ತಾನೇ ಇವೆ ಮಾಮ, ನಿಲ್ಲಿಸೋದು ಹೇಗೆ ಅಂತ ಮಾತ್ರ ನೀವು ಹೇಳಿಕೊಡ್ಲೇ ಇಲ್ಲ."