ಉಳಿದದ್ದು ಒಂದೇ ಕೋಟು

ಒಂಬತ್ತು ಊರುಗಳಲ್ಲಿ ಒಂಬತ್ತು ಭಾರಿ ಬಟ್ಟೆ ಮಳಿಗೆ ನಡೆಸಿದ ಯಜಮಾನರು, ಕೊನೆಯ ಮಳಿಗೆ ಬಾಗಿಲು ಹಾಕುವ ದಿನ, ಅಲ್ಲಿ ಮಾರಾಟವಾಗದೆ ಉಳಿದಿದ್ದ ಒಂದೇ ಒಂದು ಕೋಟನ್ನು ತೊಟ್ಟು ಕನ್ನಡಿಯ ಮುಂದೆ ನಿಂತರು. "ಹೇಗಿದೆ?" ಎಂದು ಕೋಟು ವಿಭಾಗದ ಹಳೆಯ ಸೇಲ್ಸ್‌ಮನ್‌ನನ್ನು ಕೇಳಿದರು.

"ನಿಮಗೆ ಒಪ್ಪಲ್ಲ ಸಾರ್. ಭುಜ ಇಳಿಬಿದ್ದಿದೆ. ತೋಳು ಬೆರಳನ್ನೆಲ್ಲ ನುಂಗ್ತಿದೆ."

ಅವನಿಗೆ ಒಪ್ಪಲ್ಲಪ್ಪ ಎಂದೇ ಅಡ್ಡಹೆಸರು. ಒಪ್ಪದ್ದನ್ನು ಮಾರಬೇಡ ಎನ್ನುವುದು ಯಜಮಾನರ ತಂದೆ ಹಾಕಿಕೊಟ್ಟ ನಿಯಮ. ಅವರ ಕಾಲಕ್ಕೆ ಇದ್ದದ್ದು ಒಂದೇ ಅಂಗಡಿ. ಅಲ್ಲಿ ಬೈಸಿಕೊಳ್ಳಲಿಕ್ಕೇ ದೊಡ್ಡ ಮನುಷ್ಯರು ಕಾರು ಮಾಡಿಕೊಂಡು ಬರುತ್ತಿದ್ದರು. ಅಲ್ಲಿಯವರು ಹೂಂ ಅಂದದ್ದನ್ನು ಕಣ್ಣು ಮುಚ್ಚಿ ಕೊಳ್ಳಬಹುದಿತ್ತು. ಮಗ ಬಂದು ಇನ್ನೆಂಟು ಮಳಿಗೆ ಸೇರಿಸಿದರು, ನೆಲಕ್ಕೆ ಅಮೃತಶಿಲೆ ಹಾಸಿದರು, ಬಂದವರನ್ನೆಲ್ಲ ಹೊಗಳಿ ಹೊನ್ನಶೂಲಕ್ಕೇರಿಸುವಂತೆ ಸಿಬ್ಬಂದಿಗೆ ತರಬೇತಿ ಕೊಡಿಸಿದರು. ಗಿರಾಕಿಗಳು ಉಬ್ಬಿಕೊಂಡು ಮನೆಗೆ ಹೋದರು. ಮನೆಯಲ್ಲಿ ಹೆಂಡತಿಯರು ನಕ್ಕರು. ಆಮೇಲೆ ಯಾರೂ ಈ ಕಡೆ ತಲೆ ಹಾಕಲಿಲ್ಲ.

"ನಾಳೆ ಎದುರಿನ ಮಾಲ್‌ನಲ್ಲಿ ನನಗೆ ಇಂಟರ್‌ವ್ಯೂ," ಯಜಮಾನರು ದನಿ ತಗ್ಗಿಸಿದರು. "ಕೋಟು ವಿಭಾಗಕ್ಕೆ ಒಬ್ಬರು ಬೇಕಂತೆ. ನನ್ನ ಕೋಟುಗಳೆಲ್ಲ ಮನೆ ಸಾಮಾನಿನ ಜೊತೆ ಹರಾಜಿಗೆ ಹೋದವು. ಇದೊಂದೇ ಗತಿ."

ಒಪ್ಪಲ್ಲಪ್ಪ ಅಳತೆಯ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ನನಗೂ ಕರೆದಿದ್ದಾರೆ ಸಾರ್. ಅದೇ ಕೆಲಸಕ್ಕೆ. ಸಿಗದಿದ್ರೆ ಅಳಿಯನ ಮನೇಲಿ ಕೂತು ತಿನ್ನಬೇಕು."

"ಓಹೋ. ಅದಕ್ಕೇನಾ ನನಗಿದು ಒಪ್ಪಲ್ಲ ಅಂದದ್ದು?"

ನಲವತ್ತು ವರ್ಷದಲ್ಲಿ ಅವನ ನಾಲಗೆಯನ್ನು ಯಾರೂ ಅನುಮಾನಿಸಿರಲಿಲ್ಲ. ಒಪ್ಪಲ್ಲಪ್ಪನಿಗೆ ಅಳು ಬರುವಷ್ಟು ನೋವಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಂಟರ್‌ವ್ಯೂಗೆಂದು ತಾನೇ ಇಸ್ತ್ರಿ ಮಾಡಿ ಗೂಟಕ್ಕೆ ತೂಗುಹಾಕಿದ್ದ ತನ್ನ ಒಂದೇ ಕೋಟನ್ನು ತೆಗೆದು ಮುಂದೆ ಹಿಡಿದ. "ಇಬ್ಬರದೂ ಒಂದೇ ಅಳತೆ. ಹಾಕ್ಕೊಳ್ಳಿ."

ಅದು ಯಜಮಾನರ ಮೈಮೇಲೆ ಅಚ್ಚುಕಟ್ಟಾಗಿ ಕೂತಿತು. ಭುಜ ನೆಟ್ಟಗಾಯಿತು, ಕಳೆದುಹೋಗಿದ್ದ ಗತ್ತು ಕೂಡ ಮರಳಿತು. "ಇದು ಒಪ್ಪುತ್ತೆ ಸಾರ್," ಎಂದ ಒಪ್ಪಲ್ಲಪ್ಪ. ಬೇರೆ ದಾರಿ ಕಾಣದೆ ಅವರು ಬಿಚ್ಚಿಟ್ಟದ್ದನ್ನು ತಾನು ತೊಟ್ಟುಕೊಂಡ. ಎರಡೂ ಕೈ ತೋಳಿನೊಳಗೇ ಉಳಿದವು. ನಾಳೆ ಇದರಲ್ಲೇ ಹೋಗಿ ನಿಲ್ಲಬೇಕಲ್ಲ ಎಂದು ತೋಳುಗಳನ್ನು ಮೇಲೆಳೆದುಕೊಂಡ.

"ಈಗ ನೀವು ಹೇಳಿ ಸಾರ್. ನನಗೆ ಹೇಗಿದೆ?"

ಯಜಮಾನರು ಕನ್ನಡಿಯಲ್ಲಿದ್ದ ತಮ್ಮ ಬಿಂಬದಿಂದ ಕಣ್ಣು ಕೀಳದೆಯೇ ಅಂದರು:

"ನಿಮಗೇ ಅಂತ ಹೊಲಿಸಿದ ಹಾಗಿದೆ."