ಗೋಧಿ ಹಾಸಿದ ರಸ್ತೆ

"ನಿಲ್ಸಾ! ತಮಾ, ನಿಲ್ಸು ಅಂದೆ!"

ಹಿಂದಿನ ಸೀಟಿನಿಂದ ದುರ್ಗಿ ಕೂಗಿಕೊಂಡದ್ದಕ್ಕೆ ಮಗ ದರ್ಶನ ಬ್ರೇಕ್ ಒತ್ತಿದ. ಓಮ್ನಿ ಕಿರ್ರೆಂದು ನಿಂತಿತು. ಎದುರಿಗೆ ಡಾಂಬರಿನ ಈ ಅಂಚಿನಿಂದ ಆ ಅಂಚಿನವರೆಗೂ ಕೊಯ್ದ ಗೋಧಿ ಹಾಸಿತ್ತು, ತೆನೆ ಸಮೇತ. ಎರಡೂ ಕಡೆ ಬಿರಿದ ಎರೆ ಹೊಲ. ನಾಯಿ ಮಲಗುವಷ್ಟು ನೆರಳೂ ಇಲ್ಲ. ಕೋಲಸಿರ್ಸಿಯಿಂದ ಕತ್ತಲಲ್ಲೇ ಹೊರಟವರು ನವಲಗುಂದ ದಾಟುವಷ್ಟರಲ್ಲಿ ಸೊಂಟದ ಆಸೆ ಬಿಟ್ಟಿದ್ದರು. ಗದ್ದೆ ಮಾಡಿಕೊಂಡಿರುವ ಮೂವತ್ತೆಂಟರ ಗಂಡಿಗೆ ಸಿದ್ದಾಪುರ ಸೀಮೆಯಲ್ಲಿ ಹೆಣ್ಣು ಕೊಡುವವರಿಲ್ಲ. ಅದಕ್ಕೇ ಇಷ್ಟು ದೂರ. ಹುಡುಗಿಯ ಮನೆ ಮುಂದಿನ ಊರು. ಊಟದ ಹೊತ್ತಿಗೆ ಬನ್ನಿ ಎಂದಿದ್ದರು.

ಗೋಧಿಯ ಯಜಮಾನ ಶಿವಲಿಂಗಪ್ಪ ರಸ್ತೆ ಬದಿಯಿಂದ ಟವೆಲ್ ಬೀಸಿದ. "ಬರ್ರೀ, ಬರ್ರೀ! ಮ್ಯಾಲೇ ಹಾಯಸ್ರೀ! ಗಾಲಿಗೆ ಸಿಕ್ಕು ಕಾಳು ಉದರ್ಲಿ ಅಂತನ ಹಾಕೇನಿ!"

"ಕೇಳ್ತಾ ಅಮ್ಮಾ? ಒಕ್ಕಲಿಕ್ಕೇ ಹಾಕಿದ್ದು ಅದು."

"ಒಕ್ಲಿ, ಯಾರಾದ್ರೂ ಒಕ್ಲಿ. ಕಣಕ್ಕೆ ಒಂದಿನ ಚಪ್ಲಿ ಮೆಟ್ಕಂಡು ಇಳ್ದೋಳಲ್ಲ ನಾನು. ಮನೆಗೆ ಲಕ್ಷ್ಮಿ ತರಕ್ಕೆ ಹೊಂಟೋರು ಲಕ್ಷ್ಮಿ ಮೇಲೇ ಗಾಡಿ ಹತ್ತಿಸ್ಕಂಡು ಹೋಗದಾ? ತಿರುಗ್ಸು. ಬೇರೆ ದಾರಿ ಇರ್ತದೆ."

ದರ್ಶನ ತಿರುಗಿಸಿದ. "ಏ, ಹೊಳ್ಳಿ ಹೊಂಟ್ರಲ್ಲರೀ! ಗೋಧಿ ಏನ್ ಕಡೀತೈತೇನು?" ಎಂದು ಶಿವಲಿಂಗಪ್ಪ ಕೂಗಿದ್ದು ಧೂಳಿನಲ್ಲೇ ಉಳಿಯಿತು.

ಬೇರೆ ದಾರಿ ಇತ್ತು, ಚಕ್ಕಡಿಯದ್ದು. ಅದರ ನಡುವೆ ಜಾಲಿ ಮುಳ್ಳು ಹೊಕ್ಕು ಚಕ್ರ ಕೂತಿತು. ಚಕ್ರ ಬಿಚ್ಚುವ ಪಾನಾ ಬಿಸಿಲಿಗೆ ಕಾದು ಕೈ ಸುಡುತ್ತಿತ್ತು, ಫೋನ್ ಹತ್ತಲಿಲ್ಲ, ಬಾಟಲಿಯ ನೀರು ತೀರಿತು. ದುರ್ಗಿ ಕೆಳಗಿಳಿದು, ಮಗ ಚಕ್ರ ಬದಲಿಸುವವರೆಗೂ ಸೆರಗು ತಲೆಗೆಳೆದುಕೊಂಡು ನಿಂತಳು.

ಹುಡುಗಿಯ ಮನೆ ಮುಟ್ಟುವಾಗ ಹೊತ್ತು ವಾಲಿತ್ತು. ಹುಡುಗಿಯ ತಾಯಿ ಚಹಾ ಕೊಟ್ಟು, ಮುಖ ತಪ್ಪಿಸಿ ಹೇಳಿದಳು: "ಇನ್ನ ನೀವು ಬರಾಂಗಿಲ್ಲ ಅಂತ ತಿಳದ್ವಿರೀ. ಯಲ್ಲಾಪುರದ ಕಡೆಯವ್ರೂ ಬರ್ತೀವಂತ ಹೇಳಿದ್ರು. ಬಂದ್ರು, ಮಾತು ಮುಗೀತು. ಅವ್ರು ಇದ ಡಾಂಬರ್ ರಸ್ತೇಲೆ ಬಂದ್ರಲ್ಲ, ನೀವ್ಯಾಕ ಸುತ್ತಾಕಿದ್ರಿ?"

ದರ್ಶನ ತಾಯಿಯ ಕಡೆ ನೋಡಲಿಲ್ಲ. ದುರ್ಗಿ, ತಂದಿದ್ದ ಜೋನಿ ಬೆಲ್ಲದ ಡಬ್ಬವನ್ನು ಅವರ ಹೊಸಿಲ ಬಳಿ ಇಟ್ಟು ಎದ್ದಳು. ಹೊತ್ತು ತಂದದ್ದನ್ನು ವಾಪಸ್ ಹೊರಲು ಅವಳಿಂದ ಆಗುತ್ತಿರಲಿಲ್ಲ.

ವಾಪಸ್ಸು ನೇರ ರಸ್ತೆಯಲ್ಲೇ ಬಂದರು. ಗೋಧಿ ಇನ್ನೂ ಅಲ್ಲೇ ಇತ್ತು. ಕೋಲಿನಿಂದ ತಿರುವಿ ಹಾಕುತ್ತಿದ್ದ ಶಿವಲಿಂಗಪ್ಪ ಓಮ್ನಿಯ ಗುರುತು ಹಿಡಿದು, ಈ ಸಲ ಟವೆಲ್ ಬೀಸಲಿಲ್ಲ. ದರ್ಶನ ತಾನಾಗಿಯೇ ನಿಲ್ಲಿಸಿ ರಿವರ್ಸಿಗೆ ಕೈ ಹಾಕಿದ.

"ಹೋಗು," ಅಂದಳು ದುರ್ಗಿ.

"ಎಲ್ಲಿಗೆ?"

"ಹತ್ತಿಸು ಅಂದೆ."

ಗಾಲಿಯ ಕೆಳಗೆ ತೆನೆಗಳು ಚರಚರ ಅಂದವು. ದಾಟಿದ್ದೇ ಹಿಂದಿನಿಂದ ಕೂಗು ಬಂತು: "ಇನ್ನೊಂದ್ ಸರ್ತಿ ಹಿಂದಕ್ ಬರ್ರೀ, ನಿಮಗ ಪುಣ್ಯಾ ಬರ್ತೈತಿ!"

ಏನು ಮಾಡಲಿ ಎಂದು ದರ್ಶನ ಕನ್ನಡಿ ನೋಡಿದ. ಚಪ್ಪಲಿ ಕಳಚಿ ಮಡಿಲಲ್ಲಿಟ್ಟುಕೊಂಡು, ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, ಅಮ್ಮ ಮುದುಡಿ ಕೂತಿದ್ದಳು.

"ಹಿಂದಕ್ಕೆ ಹೋಗಾ," ಅಂದಳು, ಕಾಲು ಇಳಿಸದೆ.