ಪಾಲಕರ ಕಡಗ

ಮೊಬೈಲಿನಲ್ಲಿ ಪಿಯುಸಿ ಭೌತಶಾಸ್ತ್ರ ಓದುವ ಮಕ್ಕಳು ತಪ್ಪು ಉತ್ತರ ಒತ್ತಿದರೆ, ಮನೆಯ ಹಿರಿಯರ ಕೈಗೆ ತೊಡಿಸಿದ ಕಡಗ ಕರೆಂಟು ಹೊಡೆಯುತ್ತಿತ್ತು. ಇಳಕಲ್ಲಿನ ಸಂತೆಯಲ್ಲಿ ಯಾರಾದರೂ ಬದನೆಕಾಯಿ ಆರಿಸುತ್ತ ಬೆಚ್ಚಿ ಕೈ ಝಾಡಿಸಿದರೆ, "ಮಗಾ ಓದಾಕ ಕುಂತಾನ ಕಾಣ್ತತಿ" ಎಂದು ಜನ ನಗುತ್ತಿದ್ದರು. ಗುರಸಿದ್ದವ್ವ ಸಣ್ಣವಳಿದ್ದಾಗ ಮಾಸ್ತರರ ಬೆತ್ತ ಅವಳ ಅಂಗೈಗೇ ಬೀಳುತ್ತಿತ್ತು. ಈಗ ಮಗಳ ಮಗಳು ಭುವನಾಳ ಪಾಲಿನ ಹೊಡೆತವೂ ಅವಳ ಕೈಗೇ.

ಮೊಬೈಲಿನಲ್ಲೇ ನಡೆಯುವ ಕೊನೆಯ ಪರೀಕ್ಷೆಯ ದಿನ, ಮಗ್ಗದ ಮುಂದೆ ಸೀರೆಯ ಎಳೆಗೆ ಸೆರಗಿನ ಎಳೆ ಕೂಡಿಸುತ್ತ ಕುಳಿತ ಗುರಸಿದ್ದವ್ವನಿಗೆ ಕಡಗ ಮೇಲಿಂದ ಮೇಲೆ ಹೊಡೆಯಿತು. ಎಳೆ ಹರಿಯಿತು.

"ಬರವಲ್ದೇನ, ಯವ್ವಾ?"

"ಎಲ್ಲಾ ಬರ್ತಾವ," ಎಂದಳು ಭುವನಾ, ತಲೆ ಎತ್ತದೆ. "ಮಾವನ ಕೂಡ ನನ್ನ ಲಗ್ನ ಬ್ಯಾಡಂತ ಫೋನ್ ಹಚ್ಚಿ ಹೇಳು, ಆಯಿ. ಅಲ್ಲೀತನಕ ತಪ್ಪ ಒತ್ತಾಕಿ ನಾ."

ಇನ್ನೊಮ್ಮೆ ಒತ್ತಿದಳು. ಮುದುಕಿಯ ತೋಳು ಭುಜದವರೆಗೆ ನಡುಗಿತು. ಅವಳು ಹರಿದ ಎಳೆಯನ್ನು ನಾಲಿಗೆಗೆ ತಾಗಿಸಿ ಹೊಸೆದಳು.

"ಒತ್ತವ್ವಾ, ಬೇಕಾದಷ್ಟ ಒತ್ತು. ನೀ ಫೇಲಾದ್ರ ಮುಂದ ಡಿಗ್ರಿ ಕಾಲೇಜಿನ ಮಾತ ಮುಗೀತು. ನನ್ನ ಮಗಗೂ ಭಾಳ ಓದಿದಾಕಿ ಬ್ಯಾಡಾಗ್ಯಾಳ."

ಭುವನಾಳ ಬೆರಳು ಗಾಜಿನ ಮೇಲೆ ನಿಂತಿತು. ಕಣ್ಣೊರೆಸಿಕೊಂಡು ಸರಿ ಉತ್ತರಗಳನ್ನೇ ಒತ್ತತೊಡಗಿದಳು. ಕಡಗ ಸುಮ್ಮನಾಯಿತು.

ನಡುಕ ನಿಂತ ಕೈಯಿಂದ ಗುರಸಿದ್ದವ್ವ ಮಗನಿಗೆ ಫೋನು ಹಚ್ಚಿದಳು. "ಯಪ್ಪಾ, ಹುಡುಗಿ ದಾರಿಗೆ ಬಂದಾಳ. ಬರೂ ಸೋಮಾರನ ಲಗ್ನ ಮುಗಿಸೂಣು."